ನಮ್ಮ ಮಾವ ಮಗು ಎತ್ತಿಕೊಂಡದ್ದು

ಮಗು ನೋಡಿಕೊಳ್ಳಲು ಊರಿಂದ ಅತ್ತೆಯ ಬದಲು ಮಾವ ಬರುತ್ತಾರೆ ಎಂದು ಗೊತ್ತಾದಾಗ ನಾನು ಕುಕ್ಕರಿನ ಮುಚ್ಚಳವನ್ನು ಸಿಂಕಿಗೆ ಎಸೆದೆ. ನನ್ನ ಗಂಡ ಮನು ಅದನ್ನು ಎತ್ತಿ, ಗ್ಯಾಸ್ಕೆಟ್ ಸರಿಯಿದೆಯಾ ಎಂದು ನೋಡಿ, ಸ್ಟ್ಯಾಂಡಿನ ಮೇಲಿಟ್ಟ. ನಾನು ಕೋಪದಲ್ಲಿರುವಾಗ ಅವನು ಹೀಗೆಯೇ, ಪಾತ್ರೆಪಗಡೆಯ ಯೋಗಕ್ಷೇಮ ವಿಚಾರಿಸಿಕೊಂಡು ಓಡಾಡುತ್ತಾನೆ.

ಕೋಪ ಬರದೆ ಇನ್ನೇನಾಗುತ್ತದೆ ಹೇಳಿ. ನಾನು ಹಾಸನದಲ್ಲಿ ಸಾರಿಗೆ ಬಸ್ಸಿನ ಕಂಡಕ್ಟರ್. ಹೆಸರು ಸ್ಪಂದನಾ, ಡಿಪೋದಲ್ಲಿ ಮಾತ್ರ ಎಲ್ಲರೂ 'ಗಲಾಟೆ ಮೇಡಂ' ಅನ್ನುತ್ತಾರೆ. ಮಗಳು ಇಂಚರಾಗೆ ಆಗ ಎರಡು ವರ್ಷ ತುಂಬುತ್ತಾ ಬಂದಿತ್ತು. ಇದ್ದಬದ್ದ ರಜೆಯೆಲ್ಲ ಮುಗಿದಿತ್ತು. ಹಗಲು ಮಗು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಅನಸೂಯಮ್ಮ ಸೊಂಟ ಹಿಡಿದುಕೊಂಡು ಮಲಗಿದ್ದರು. ನನ್ನ ತಾಯಿ ತೀರಿಹೋಗಿ ಎಷ್ಟೋ ವರ್ಷವಾಯಿತು. ಉಳಿದವರು ಅತ್ತೆ ಚಿಕ್ಕಲಕ್ಷ್ಮಮ್ಮ ಒಬ್ಬರೇ. ಅವರು ಬರುವುದೆಂದು ಮಾತಾಗಿತ್ತು, ಅಷ್ಟರಲ್ಲಿ ಚನ್ನರಾಯಪಟ್ಟಣದಲ್ಲಿದ್ದ ನನ್ನ ನಾದಿನಿ ಭಾನುಪ್ರಿಯಾಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಅತ್ತೆ ಬಾಣಂತನಕ್ಕೆ ಅಲ್ಲಿಗೆ ಓಡಿದರು. ಓಡುವ ಮುಂಚೆ ನನಗೆ ಫೋನ್ ಮಾಡಿ, ದನಕರುವನ್ನು ಬಾವ ಬೋರಪ್ಪನವರ ಮನೆಯವರು ನೋಡಿಕೊಳ್ಳುತ್ತಾರೆ, ನಿಮ್ಮ ಮಾವನನ್ನೇ ಕಳಿಸುತ್ತೇನೆ ಎಂದು ಹೇಳಿ ಇಟ್ಟೇಬಿಟ್ಟರು. ಮಾವನ ಕೈಯಲ್ಲಿ ಆಗದಿದ್ದರೆ ನಾನು ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿ ಕೂರಬೇಕು. ಹಾಗೆ ಕೂತವರು ಮತ್ತೆ ಎದ್ದು ಬಂದದ್ದನ್ನು ನಾನು ಹೆಚ್ಚು ನೋಡಿಲ್ಲ. ಆ ಖಾಕಿ ಬಟ್ಟೆ ಮೈಮೇಲೆ ಬರಲು ಎಷ್ಟು ಒದ್ದಾಡಿದ್ದೇನೆಂದು ನನಗೆ ಗೊತ್ತು.

ಮಾವನ ವಿಷಯ ಹೇಳುತ್ತೇನೆ ಕೇಳಿ. ಹೆಸರು ತಿಮ್ಮಪ್ಪ, ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದವರು. ರಾಗಿ, ಜೋಳ, ಆಲೂಗೆಡ್ಡೆ, ಎರಡು ಸೀಮೆ ಹಸು, ಅದೇ ಅವರ ಲೋಕ. ಬಲು ಎತ್ತರದ ಮನುಷ್ಯ, ಬಾಗಿಲಿಗೆ ತಲೆ ತಗ್ಗಿಸಿಯೇ ಬರಬೇಕು. ಮಾತು ಕಮ್ಮಿ, ಆಡಿದರೆ ಹೊಲದ ಆ ತುದಿಗೆ ಕೇಳುವಂತೆ ಆಡುತ್ತಾರೆ. ನನ್ನ ಮೇಲೆ ಅವರಿಗೆ ಮೊದಲಿನಿಂದಲೂ ಒಂದು ಹೆಮ್ಮೆ. ಊರಲ್ಲಿ ಟೀ ಅಂಗಡಿ ಮುಂದೆ ಕೂತಾಗೆಲ್ಲ ನಮ್ಮ ಸೊಸೆ ಬಸ್ಸು ಓಡಿಸುತ್ತಾಳೆ ಎಂದು ಹೇಳಿಕೊಂಡು ಬಂದಿದ್ದಾರೆ. ಓಡಿಸುವವನು ಡ್ರೈವರ್, ನಾನು ಟಿಕೆಟ್ ಕೊಡುವವಳು ಎಂದು ಎಷ್ಟು ಸಲ ಹೇಳಿದರೂ ಅವರು ಒಪ್ಪಿಲ್ಲ. ನೀನು ರೈಟ್ ಅನ್ನದೆ ಅವನು ಬಿಟ್ಟಾನಾ ಎಂದು ನನಗೇ ತಿರುಗಿ ಕೇಳುತ್ತಾರೆ.

ಇಷ್ಟೆಲ್ಲ ಒಳ್ಳೆಯ ಮನುಷ್ಯ, ಮಗು ಮಾತ್ರ ಎತ್ತಿಕೊಳ್ಳುವವರಲ್ಲ. ಇಂಚರಾ ಹುಟ್ಟಿದಾಗ ಆಸ್ಪತ್ರೆಗೆ ಬಂದರು, ವಾರ್ಡಿನ ಬಾಗಿಲಲ್ಲೇ ನಿಂತು ಇಣುಕಿದರು, ಹಾಲು ಕುಡಿಯುತ್ತದಾ ಎಂದು ಕೇಳಿದರು. ನರ್ಸ್ ಮಗುವನ್ನು ಅವರ ಕೈಗೆ ಕೊಡಲು ಹೋದರೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆಮೇಲೆ ಹಬ್ಬಕ್ಕೆ ಹುಣ್ಣಿಮೆಗೆ ಊರಿಗೆ ಹೋದಾಗಲೂ ಅಷ್ಟೇ. ದೂರದಿಂದಲೇ ನೋಡಿ ನಗುತ್ತಿದ್ದರು, ಹತ್ತಿರ ಬಂದರೆ ಏನೋ ಕೆಲಸ ನೆನಪಾಗಿ ಕೊಟ್ಟಿಗೆ ಕಡೆ ಹೋಗುತ್ತಿದ್ದರು.

ಅಂಥವರು ಒಂದು ಚೀಲ ರಾಗಿಹಿಟ್ಟು, ಒಂದು ಚೀಲ ಆಲೂಗೆಡ್ಡೆ ಹೊತ್ತುಕೊಂಡು ಸಾಲಗಾಮೆ ರಸ್ತೆಯ ಹಿಂದಿನ ಬೀದಿಯ ನಮ್ಮ ಬಾಡಿಗೆ ಮನೆಗೆ ಬಂದಿಳಿದರು. ಮಾರನೆಯ ಬೆಳಗ್ಗೆ ನಾನು ಶೂ ಹಾಕಿಕೊಳ್ಳುತ್ತಿದ್ದಾಗ ಇಂಚರಾ ಅವರ ಮುಂದೆ ಹೋಗಿ ನಿಂತು ಎರಡೂ ಕೈ ಮೇಲೆತ್ತಿ 'ಎಕ್ಕೋ' ಎಂದಳು. ಎತ್ತಿಕೋ ಎನ್ನುವುದಕ್ಕೆ ಅವಳು ಅನ್ನುತ್ತಿದ್ದುದು ಹಾಗೆ. ಆ ವಯಸ್ಸಿನಲ್ಲಿ ಅವಳ ಸಂಸಾರವೆಲ್ಲ ಆ ಒಂದು ಮಾತಿನ ಮೇಲೆ ನಡೆಯುತ್ತಿತ್ತು. ಮಾವ ಅವಳನ್ನು ಮೇಲಿಂದ ಕೆಳಗೆ ನೋಡಿ, ಯಾಕವ್ವ, ನಿನಗೆ ಕಾಲಿಲ್ಲವಾ ಎಂದು ಕೇಳಿ ಹಿಡಿದುಕೊಳ್ಳಲು ಒಂದು ಬೆರಳು ಕೊಟ್ಟರು. ಅವಳು ಬೆರಳನ್ನು ತಳ್ಳಿ ನೆಲದ ಮೇಲೆ ಕೂತು ಕಿರುಚಲು ಶುರುಮಾಡಿದಳು. ನಾನು ಡಿಪೋ ಸೇರುವವರೆಗೂ ಆ ಅಳು ಕಿವಿಯಲ್ಲೇ ಇತ್ತು.

ಒಂದು ಮಾತು ಒಪ್ಪಬೇಕು. ಎತ್ತಿಕೊಳ್ಳುವುದೊಂದು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಅವರು ಮಾಡಿದರು. ತಮ್ಮ ತಟ್ಟೆಯ ಮುದ್ದೆಯಿಂದ ಬಟಾಣಿಯಷ್ಟು ಮುರಿದು, ಸಾರಿನಲ್ಲಿ ಅದ್ದಿ, ಅಗಿಯಬಾರದು ನುಂಗಬೇಕು ಎಂದು ಪಾಠ ಹೇಳಿ ನುಂಗಿಸಿದರು. ನಲ್ಲಿಯ ಕೆಳಗೆ ನಿಲ್ಲಿಸಿ ಕುಂಡಿ ತೊಳೆದರು. ಮಂಚದ ಪಕ್ಕ ದಿಂಬು ಜೋಡಿಸಿ ಮೆಟ್ಟಿಲು ಮಾಡಿ ಅವಳೇ ಹತ್ತುವಂತೆ ಮಾಡಿದರು. ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್ಬಿಗೆ ಹಗ್ಗ ಕಟ್ಟಿ, ಅವಳನ್ನು ಅದರೊಳಗೆ ಕೂರಿಸಿ, ಅಂದರೆ ಅವಳಾಗಿಯೇ ಕೂರುವವರೆಗೂ ಕಾದು, ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ಎಳೆದರು. ಎತ್ತಿಗೆ ಹೇಳುವ 'ಹಾಯ್, ಹಾಯ್' ಎಲ್ಲ ಅವರೇ ಹೇಳಿಕೊಂಡು ಅವರೇ ಎಳೆಯುವುದನ್ನು ಅನಸೂಯಮ್ಮ ಕಿಟಕಿಯಿಂದ ನೋಡಿ, ಸೊಂಟನೋವಿನಲ್ಲೂ ನಕ್ಕೂ ನಕ್ಕೂ ಸುಸ್ತಾದರಂತೆ. ಆದರೆ ನಿದ್ದೆ ಹತ್ತುವಾಗ, ಬಿದ್ದಾಗ, ಹೆದರಿದಾಗ ಮಗುವಿಗೆ ಟಬ್ಬು ಯಾವ ಲೆಕ್ಕ? ಆಗೆಲ್ಲ ಅವಳು ಕೈ ಮೇಲೆತ್ತುತ್ತಿದ್ದಳು, ಅವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಹೊಸ್ತಿಲು ಎಡವಿ ಬಿದ್ದು ತುಟಿ ಒಡೆದುಕೊಂಡಳು. ಮಾವ ಅವಳನ್ನು ಎತ್ತುವುದು ಬಿಟ್ಟು ಬೀದಿಗೆ ಬಂದು ಅನಸೂಯಮ್ಮನ ಹೆಸರು ಹಿಡಿದು ಕೂಗಿದರು. ಪಾಪ, ಆ ಯಮ್ಮ ಗೋಡೆ ಹಿಡಿದುಕೊಂಡು ಬಂದು ಮಗುವನ್ನು ತಬ್ಬಿಕೊಂಡರು. ಸಂಜೆ ನಾನು ಬಂದಾಗ ರಕ್ತ ನಿಂತಿತ್ತು, ಮಗು ಬಿಸ್ಕತ್ತು ತಿನ್ನುತ್ತಿತ್ತು, ಮಾವ ಮೂಲೆಯಲ್ಲಿ ತಲೆ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರಿಗೆ ಏನೂ ಅನ್ನಲಾಗದೆ ಕೋಣೆಯ ಬಾಗಿಲು ಹಾಕಿಕೊಂಡು ಮನುವನ್ನು ಹಿಡಿದುಕೊಂಡೆ. ಇದೆಂಥ ಗಂಡಸು ನಿಮ್ಮಪ್ಪ, ಕಲ್ಲಾ ಮರವಾ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಮನು ಎಲ್ಲ ಕೇಳಿಸಿಕೊಂಡು, "ನನ್ನನ್ನೇ ಎತ್ಕಂಡಿಲ್ಲ ಕಣೆ ಅವರು. ನನ್ನ ಕೇಳಿದ್ರೆ ನಾನೇನ್ ಹೇಳ್ಲಿ?" ಎಂದ. ಹಾಗಂದವನು ಅಡುಗೆಮನೆಗೆ ಹೋಗಿ ಒಣಗಿದ ಪಾತ್ರೆಗಳನ್ನೇ ಮತ್ತೆ ಒರೆಸತೊಡಗಿದ.

ಮರುದಿನ ಬಸ್ಸು ಹೊರಡುವುದಕ್ಕೆ ಮುಂಚೆ ಅತ್ತೆಗೆ ಫೋನ್ ಮಾಡಿ ಬಾಯಿ ಬಿಡಿಸಿದೆ. ಅವರ ಕಾಲದಲ್ಲಿ ಆ ಮನೆಯಲ್ಲಿ ಗಂಡಸರು ಹಿರಿಯರ ಮುಂದೆ ತಮ್ಮ ಮಕ್ಕಳನ್ನು ಮುಟ್ಟುತ್ತಿರಲಿಲ್ಲವಂತೆ. ಅಪ್ಪ, ಅಣ್ಣ ಎದುರಿಗಿರುವಾಗ ಸ್ವಂತ ಮಗುವನ್ನು ಮುದ್ದಾಡುವುದೆಂದರೆ ಮಾನಗೆಟ್ಟ ಕೆಲಸ. ಮನು ಕೈಗೂಸಾಗಿದ್ದಾಗ ಒಂದು ದಿನ ಅತ್ತೆ ನೀರಿಗೆ ಹೋಗಿದ್ದರು, ಮಗು ತೊಟ್ಟಿಲಲ್ಲಿ ಒಂದೇ ಸಮ ಅಳುತ್ತಿತ್ತು. ಹೊಲದಿಂದ ಬಂದ ಮಾವ ತಡೆಯಲಾರದೆ ಎತ್ತಿಕೊಂಡರು. ಜಗಲಿಯ ಮೇಲೆ ಅವರಪ್ಪ, ಅವರಣ್ಣ ಬೋರಪ್ಪ, ಊರಿನ ಇನ್ನೂ ಕೆಲವರು ಕೂತಿದ್ದರು. ಅವರಪ್ಪ ಎಲೆ ಅಡಿಕೆ ಉಗಿದು, "ಏನ್ಲಾ ತಿಮ್ಮ, ಮೊಲೆ ಆಲೂ ನೀನೇ ಕುಡುಸ್ತೀಯಾ?" ಎಂದರಂತೆ. ಜಗಲಿಯೆಲ್ಲ ಗೊಳ್ಳೆಂದು ನಕ್ಕಿತು. ಮಾವ ಅಳುವ ಮಗುವನ್ನು ಹಾಗೇ ತೊಟ್ಟಿಲಿಗೆ ಹಾಕಿ ಹೊರಗೆ ಹೋದರು.

"ಅವತ್ತಿಂದ ಆ ಕೈ ಮಕ್ಕಳ ಕಡೆ ಓಗ್ನಿಲ್ಲ ಕಣವ್ವ," ಎಂದರು ಅತ್ತೆ.

ನನಗೆ ಮಾವನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಅವರಪ್ಪನ ಮೇಲೆ ಹೋಯಿತು. ಊರಿನ ಮನೆಯಲ್ಲಿ ಹಾರ ಹಾಕಿಸಿಕೊಂಡು ಫೋಟೋದಲ್ಲಿ ಕೂತಿದ್ದಾರೆ, ದೊಡ್ಡ ಮೀಸೆ. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡು ಏನು ಬಂತು ಅನ್ನುತ್ತೀರಿ. ಆದರೂ ಮಾಡಿಕೊಂಡೆ.

ಕಥೆ ಕೇಳಿದ ಮಾತ್ರಕ್ಕೆ ನನ್ನ ಕಷ್ಟ ತೀರಲಿಲ್ಲವಲ್ಲ. ಬಿದ್ದರೆ ಎತ್ತದವರ ಕೈಯಲ್ಲಿ ಮಗು ಬಿಟ್ಟು ಹೋಗುವುದು ಹೇಗೆ? ಭಾನುಪ್ರಿಯಾಳ ಮಗುವಿನ ನಾಮಕರಣ ಆ ಭಾನುವಾರ ಇತ್ತು. ಅದು ಮುಗಿದ ಮೇಲೆ ಸೋಮವಾರದಿಂದ ರಜೆ ಹಾಕುವುದೆಂದು ನಿರ್ಧರಿಸಿದೆ. ಮಾವನಿಗೂ ನೇರವಾಗಿಯೇ ಹೇಳಿದೆ, ಸೋಮವಾರದಿಂದ ನಾನೇ ಮನೆಯಲ್ಲಿರುತ್ತೇನೆ, ನೀವು ಊರಿಗೆ ಹೋಗಬಹುದು ಎಂದು. ಅವರು ಅವರೆಕಾಯಿ ಬಿಡಿಸುತ್ತಿದ್ದರು. ಹಾಗಾದರೆ ನಿನ್ನ ಬಸ್ಸು ಎಂದು ಕೇಳಿದರು. ಬಸ್ಸಿಗೆ ಬೇರೆ ಯಾರಾದರೂ ಹೋಗುತ್ತಾರೆ ಎಂದೆ. ತಂತಿಯ ಮೇಲೆ ಒಣಗುತ್ತಿದ್ದ ನನ್ನ ಖಾಕಿ ಬಟ್ಟೆಯ ಕಡೆ ಒಂದು ಸಲ ನೋಡಿ ಮತ್ತೆ ಅವರೆಕಾಯಿಗೆ ಕೈಹಾಕಿದರು, ಆದರೆ ಬಿಡಿಸಲಿಲ್ಲ.

ಭಾನುವಾರ ನನಗೆ ಚನ್ನರಾಯಪಟ್ಟಣದ ಟ್ರಿಪ್ಪು. ಬೆಳಗಿನ ಡ್ಯೂಟಿ ಮುಗಿಸಿ ಅಲ್ಲೇ ಇಳಿದು ನಾಮಕರಣದ ಊಟಕ್ಕೆ ಸೇರಿಕೊಳ್ಳುವುದೆಂದು ಹೊಂದಿಸಿಕೊಂಡಿದ್ದೆ. ಮನು ಪಾತ್ರೆ ಶಾಮಿಯಾನ ನೋಡಿಕೊಳ್ಳಲು ಹಿಂದಿನ ದಿನವೇ ಹೋಗಿದ್ದ. ಮಾವ ಇಂಚರಾಳನ್ನು ಕರೆದುಕೊಂಡು ನನ್ನ ಬಸ್ಸಿಗೇ ಬರಬೇಕು. ಮಲ್ಲಿಪಟ್ಟಣದಿಂದ ದೊಡ್ಡಮಾವ ಬೋರಪ್ಪನವರೂ ಬಂದು ಹಾಸನದಲ್ಲಿ ಇವರನ್ನು ಸೇರಿಕೊಂಡರು. ಆ ದಿನ ಒಳ್ಳೆ ಮುಹೂರ್ತ, ಮೂರು ಬಸ್ಸಿನ ಜನ ಒಂದೇ ಬಸ್ಸಿಗೆ ನುಗ್ಗಿದ್ದರು. ದೊಡ್ಡಮಾವನಿಗೆ ಹೇಗೋ ಬಾಗಿಲ ಪಕ್ಕ ಒಂದು ಸೀಟು ಹಿಡಿದುಕೊಟ್ಟು, ಮಗುವನ್ನು ಅವರ ಮಗ್ಗುಲಲ್ಲಿ ಕೂರಿಸಿದೆ. ಮಾವ ಅಣ್ಣನ ಎದುರಿಗೆ ಕೂರುವವರೇ ಅಲ್ಲ, ಕಂಬಿ ಹಿಡಿದು ನಿಂತರು.

ಬಸ್ಸು ಊರು ದಾಟುವ ಹೊತ್ತಿಗೆ ನಾನು ಜನರ ಮಧ್ಯೆ ಸಿಕ್ಕಿಕೊಂಡಿದ್ದೆ. ಹೆಂಗಸರಿಗೆ ಆಧಾರ್ ನೋಡಿ ಪುಕ್ಕಟೆ ಪ್ರಯಾಣದ ಸೊನ್ನೆ ಟಿಕೆಟ್ ಹರಿಯಬೇಕು, ಗಂಡಸರಿಗೆ ಚಿಲ್ಲರೆ ಹುಡುಕಬೇಕು, ಸೀಟಿನ ಜಗಳ ಬಿಡಿಸಬೇಕು. ಅಷ್ಟರಲ್ಲಿ ಇಂಚರಾ ನನ್ನನ್ನು ಕಂಡುಬಿಟ್ಟಳು. ಅಮ್ಮಾ ಎಕ್ಕೋ ಎಂದು ಶುರುವಾಯಿತು. ಕೈಯಲ್ಲಿ ಮಷೀನು, ಹೆಗಲಲ್ಲಿ ಚೀಲ, ಎಲ್ಲಿ ಎತ್ತಿಕೊಳ್ಳಲಿ? ನೋಡದವಳಂತೆ ಹಿಂದಕ್ಕೆ ಹೋದೆ. ಅವಳು ಸೀಟಿನಿಂದ ಜಾರಿ ಇಳಿದು ಜನರ ಕಾಲುಗಳ ನಡುವೆ ನನ್ನ ಕಡೆ ಬರತೊಡಗಿದಳು. ಯಾರೋ ಹೆಂಗಸರು ಎತ್ತಿಕೊಳ್ಳಲು ಹೋದರೆ ಮೈ ಬಿಲ್ಲಾಗಿಸಿ ಚೀರಿದಳು, ಇನ್ನೊಬ್ಬರು ಬಾಳೆಹಣ್ಣು ಕೊಟ್ಟರೆ ಎಸೆದಳು. ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ಬಿಳಿ ಪಂಚೆ ಉಟ್ಟ ಒಬ್ಬ ಯಜಮಾನ, ಮಕ್ಕಳಿರುವ ಹೆಂಗಸರಿಗೆ ಯಾಕೆ ಇಂಥ ಕೆಲಸ, ಮನೆಯಲ್ಲಿರಬಾರದಾ ಎಂದು ಎಲ್ಲರಿಗೂ ಕೇಳುವಂತೆ ಅಂದ. ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡಿಬಿಡುತ್ತಿದ್ದೆ. ಆವತ್ತು ಅವನನ್ನು ಬಿಟ್ಟು ಪಕ್ಕದವರಿಗೆ ಟಿಕೆಟ್ ಹರಿದೆ. ಅವನು ಹೇಳಿದ್ದನ್ನೇ ನಾಳೆಯಿಂದ ನಾನು ಮಾಡುವವಳಿದ್ದೆ.

ಶಾಂತಿಗ್ರಾಮದಲ್ಲಿ ಬಸ್ಸು ನಿಂತಿತು. ಇಳಿಯುವವರು ಗಂಟುಮೂಟೆ ಎತ್ತಿಕೊಂಡು ಬಾಗಿಲ ಕಡೆ ನುಗ್ಗಿದರು. ಮಗು ಸರಿಯಾಗಿ ಅವರ ದಾರಿಯಲ್ಲಿತ್ತು. ನಾನು ಹಿಂದಿನ ಸೀಟಿನ ಹತ್ತಿರ, ನಡುವೆ ಗೋಡೆಯ ಹಾಗೆ ಜನ. ಮಗು ಇದೆ, ಮಗು ಇದೆ ಎಂದು ಕೂಗಿದೆ, ಯಾರಿಗೆ ಕೇಳಿಸುತ್ತದೆ? ಜನರ ಸಂದಿಯಲ್ಲಿ ಕಂಡದ್ದಿಷ್ಟು. ಇಂಚರಾ ನನ್ನ ಕಡೆ ಬರುವುದನ್ನು ಬಿಟ್ಟು ಹಿಂದೆ ತಿರುಗಿದಳು. ಎರಡೂ ಕೈ ಮೇಲೆತ್ತಿದಳು.

"ತಾತಾ, ಎಕ್ಕೋ!"

ಮಾವ ಅಣ್ಣನ ಮುಖ ನೋಡಿದರು. ಆಮೇಲೆ ಕೈಯಲ್ಲಿದ್ದ ಚೀಲವನ್ನು ಅಣ್ಣನ ತೊಡೆಯ ಮೇಲೆ ದೊಪ್ಪನೆ ಹಾಕಿ, ಬಗ್ಗಿ, ಮಗುವನ್ನು ಎತ್ತಿಯೇಬಿಟ್ಟರು. ಎತ್ತಿದ್ದೇನೋ ಎತ್ತಿದರು, ಮೂಟೆ ಎತ್ತುವ ಹಾಗೆ ಎತ್ತಿ ಹೆಗಲ ಮೇಲೆ ಹಾಕಿಕೊಂಡರು, ಮಗುವಿನ ತಲೆ ಬೆನ್ನ ಕಡೆ, ಕಾಲು ಮುಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ಒಬ್ಬ ಅಜ್ಜಿ, ಅಯ್ಯೋ ಅದೇನು ರಾಗಿ ಮೂಟೆಯಾ, ಕುಂಡಿಯ ಕೆಳಗೆ ಕೈ ಕೊಡಯ್ಯ ಎಂದು ಗದರಿತು. ಮಾವ ನಗುವವರ ಕಡೆ ನೋಡಲೇ ಇಲ್ಲ. ಅಜ್ಜಿ ಹೇಳಿದ ಹಾಗೆ ಮಗುವನ್ನು ತಿರುಗಿಸಿ, ಕುಂಡಿಯ ಕೆಳಗೆ ಕೈಕೊಟ್ಟು, ಎದೆಗೆ ಒತ್ತಿಕೊಂಡರು. ಇಂಚರಾ ಅವರ ಕಿವಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎರಡು ಸಲ ಬಿಕ್ಕಿ ಸುಮ್ಮನಾದಳು.

ದೊಡ್ಡಮಾವ ಬೋರಪ್ಪನವರಿಗೆ ತಡೆಯಲಾಗಲಿಲ್ಲ. ಚೀಲ ಹಿಡಿದುಕೊಂಡೇ ತಲೆಯೆತ್ತಿ, "ಇಳಿಸ್ಲಾ ಅದುನ್ನ. ಜನ ನೋಡ್ತಾವ್ರೆ. ಅಪ್ಪ ಇದ್ದಿದ್ರೆ ಏನನ್ನೋನು?" ಎಂದರು.

"ಅಪ್ಪ ಇಲ್ಲ ಕಣಣ್ಣ," ಎಂದರು ಮಾವ. "ಕೂಸು ಐತೆ."

ಅವರ ದನಿ ಗೊತ್ತಲ್ಲ, ಬಸ್ಸಿನ ಕೊನೆಯ ಸೀಟಿಗೂ ಕೇಳಿಸಿತು. ನಗು ನಿಂತುಹೋಯಿತು. ಮಾವ ಅಷ್ಟಕ್ಕೇ ಬಿಡಲಿಲ್ಲ, ಬಿಳಿ ಪಂಚೆಯ ಯಜಮಾನನ ಕಡೆ ತಿರುಗಿದರು.

"ಅವ್ಳು ನಮ್ ಸೊಸೆ ಕಣ್ ಸ್ವಾಮಿ. ಟಿಕೀಟು ಕೊಡಾದು ಅವ್ಳ ಕೆಲ್ಸ, ಮಗೀನ್ ಎತ್ಕಳಾದು ನನ್ ಕೆಲ್ಸ. ನೀವು ಚಿಲ್ರೆ ತೆಗೀರಿ."

ನಾನು ಆ ಯಜಮಾನನ ಹತ್ತಿರ ಹೋಗುವಷ್ಟರಲ್ಲಿ ಅವನು ಸರಿಯಾದ ಚಿಲ್ಲರೆ ಅಂಗೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದ. ನಾನು ಟಿಕೆಟ್ ಹರಿದು ಕೊಟ್ಟೆ. ಕಣ್ಣು ತುಂಬಿಕೊಂಡು ಮಷೀನಿನ ಅಕ್ಷರ ಕಾಣಿಸದೆ ಎರಡು ಸಲ ತಪ್ಪು ಒತ್ತಿದೆ. ಖುಷಿಯಾಯಿತು, ಹೇಳಲಾರದಷ್ಟು ಖುಷಿಯಾಯಿತು. ಆ ಗುಂಪಿಲ್ಲದಿದ್ದರೆ ಓಡಿಹೋಗಿ ಮಾವನ ಕಾಲಿಗೆ ಬೀಳುತ್ತಿದ್ದೆನೋ ಏನೋ.

ಶಾಂತಿಗ್ರಾಮದಲ್ಲಿ ಬಹಳ ಜನ ಇಳಿದು ಸೀಟುಗಳು ಖಾಲಿಯಾಗಿದ್ದವು. ಹುಡುಗರು ಎದ್ದು ಕೂತುಕೊಳ್ಳಿ ಅಜ್ಜ ಎಂದರು. ನಾನೂ ಹೋಗಿ, ಕೈ ನೋಯುತ್ತದೆ, ಕೂತುಕೊಳ್ಳಿ ಮಾವ ಎಂದೆ. ಅವರು ಬಾಗಿ ನನಗಷ್ಟೇ ಕೇಳುವ ಹಾಗೆ, "ಕುಂತ್ರೆ ಯಾರಿಗ್ ಕಾಣ್ತದೆ ಬುಡವ್ವ" ಎಂದರು. ಹೆದ್ದಾರಿಯುದ್ದಕ್ಕೂ ಆ ಮನುಷ್ಯ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಮಗು ಹಿಡಿದು ಬಸ್ಸಿನ ನಟ್ಟನಡುವೆ ನಿಂತೇ ಬಂದರು. ಇಂಚರಾ ಅವರ ಹೆಗಲ ಮೇಲೆ ಜೊಲ್ಲು ಸುರಿಸಿಕೊಂಡು ನಿದ್ದೆ ಹೋದಳು. ದೊಡ್ಡಮಾವ ಮೊದಮೊದಲು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವರು, ಆಮೇಲೆ ಕೈ ಚಾಚಿ, ಜಾರುತ್ತಿದ್ದ ಅವಳ ಒಂದು ಚಪ್ಪಲಿಯನ್ನು ಕಾಲಿಗೆ ಸರಿಯಾಗಿ ಹಾಕಿದರು.

ಸೋಮವಾರ ನಾನು ರಜೆ ಹಾಕಲಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಮಾವ ಊರಿಗೂ ಹೋಗಲಿಲ್ಲ. ಈಗ ನಮ್ಮ ಬೀದಿಯಲ್ಲಿ ಅವರನ್ನು ಮಗುವಿಲ್ಲದೆ ಕಂಡವರಿಲ್ಲ. ಹಾಲಿನ ಅಂಗಡಿಗೂ ಅವಳು ಸೊಂಟದ ಮೇಲೆ, ಕ್ಷೌರದ ಅಂಗಡಿಗೂ ಸೊಂಟದ ಮೇಲೆ. ಎತ್ತಿ ಎತ್ತಿ ಮಗುವನ್ನು ಕೆಡಿಸಿದಿರಿ, ನೆಲಕ್ಕೆ ಕಾಲೇ ಊರುವುದಿಲ್ಲ ಎಂದು ನಾನು ದಿನಾ ಜಗಳವಾಡುತ್ತೇನೆ. ಅವರು ಕೇಳುವುದಿಲ್ಲ.

ಆವತ್ತು ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಮನು ನಮಗಾಗಿ ಕಾಯುತ್ತಿದ್ದ. ಮೊದಲು ದೊಡ್ಡಮಾವ ಇಳಿದರು. ಅವರ ಹಿಂದೆ ಮಾವ ಇಳಿದರು, ಎದೆಯ ಮೇಲೆ ಮಗು. ಮನುವಿನ ಮುಖದಲ್ಲಿದ್ದ ನಗು ಹಾಗೇ ನಿಂತಿತು. ಅವನು ಏನು ನೋಡುತ್ತಿದ್ದಾನೆಂದು ಅವನಿಗೇ ನಂಬಿಕೆಯಾಗದ ಹಾಗೆ ನೋಡಿದ. ಆಮೇಲೆ ಹತ್ತಿರ ಬಂದು, ಕೊಡಪ್ಪ, ಕೈ ಸೋತಿರುತ್ತದೆ ಎಂದು ಕೈ ಚಾಚಿದ. ಇಂಚರಾ ಕಣ್ಣು ಬಿಟ್ಟು ಅಪ್ಪನನ್ನು ನೋಡಿ, ಮತ್ತೆ ತಾತನ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡಳು. ಮಾವನೂ ಕೊಡಲಿಲ್ಲ. ಮಗನ ಚಾಚಿದ ಕೈಗಳನ್ನು ನೋಡಿದರು.

"ನಿನ್ನೂ ಇಂಗೇ ಎತ್ಕಬೇಕಾಗಿತ್ತು ಕಣ್ಲಾ ಮನು," ಎಂದರು.

ಮನು ನಗಲು ಹೋಗಿ, "ಈಗಾಗಕಿಲ್ಲ ಬುಡಪ್ಪ, ಎಂಬತ್ತು ಕೇಜಿ ಇವ್ನಿ," ಎಂದ.

ಮಾವ ಮಗುವನ್ನು ಎಡಗಡೆಗೆ ಸರಿಸಿಕೊಂಡರು. ಬಲಗೈಯನ್ನು ಮಗನ ಕುತ್ತಿಗೆಗೆ ಹಾಕಿ, ಅಣ್ಣನ ಎದುರಿಗೆ, ಇಡೀ ಬಸ್ ನಿಲ್ದಾಣದ ಎದುರಿಗೆ, ಆ ಎಂಬತ್ತು ಕೇಜಿಯನ್ನು ಎದೆಗೆ ಎಳೆದುಕೊಂಡರು. ನನ್ನ ಗಂಡ ಅವರ ಹೆಗಲ ಮೇಲೆ ಮುಖವಿಟ್ಟು ಚಿಕ್ಕ ಮಗುವಿನಂತೆ ಅತ್ತ. ಹಿಂದಿನಿಂದ ಇನ್ನೊಂದು ಬಸ್ಸಿನವನು ಜಾಗ ಬಿಡಿ ಎಂದು ಒಂದೇ ಸಮ ಹಾರನ್ ಹೊಡೆಯುತ್ತಿದ್ದ. ನಮ್ಮ ಡ್ರೈವರು ನನ್ನ ಮುಖ ನೋಡಿದ. ನಾನು ರೈಟ್ ಅನ್ನಲಿಲ್ಲ.